ನಾಲ್ಕನೇ ಸಾಲಿನ ಕಣಗಳು

"ಬಾಟಲಿ ತೊಳೆಯೋ ಕೈಗೆ ಎಣಿಸೋಕೆ ಕೊಟ್ರೆ ಇನ್ನೇನಾಗುತ್ತೆ? ಸತ್ತವೂ ಎದ್ದು ಕೂತ್ಕೊಳ್ತವೆ!"

ಲ್ಯಾಬಿನ ದೊಡ್ಡ ಡಾಕ್ಟರು ಹೀಗಂದಾಗ ಮೇಜಿನ ಸುತ್ತ ಹದಿನಾಲ್ಕು ಜನ ಇದ್ದರು. ಹದಿಮೂರು ಜನ ನಕ್ಕರು. ನಗದೇ ಇದ್ದವಳು ಕನ್ನಡಕದ ಮೇಡಂ ಒಬ್ಬಳೇ. ಅವಳೂ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆಯೋದು ಹಾಕೋದು ಮಾಡುತ್ತಿದ್ದಳು. ಅವಳ ಪಟ್ಟಿ ಗೋಡೆಯ ಮೇಲೆ ಬೆಳಕಾಗಿ ಬಿದ್ದಿತ್ತು. ಐದು ಸಾಲು. ನಾಲ್ಕನೇ ಸಾಲಿನಲ್ಲಿ ಕಣಗಳು ಸಾಯಬೇಕಾದಷ್ಟು ಸತ್ತಿರಲಿಲ್ಲ.

"ಯಾರು ಎಣಿಸಿದ್ದು?" ಅಂತ ಡಾಕ್ಟರು ಕೇಳಿದ್ದಕ್ಕೆ ಅವಳು ಬಾಯಿ ಬಿಡಲಿಲ್ಲ. ನಾನು ಬಾಗಿಲ ಹತ್ತಿರ ಹೆಚ್ಚಿನ ಎರಡು ಕುರ್ಚಿ ಹೊತ್ತು ನಿಂತಿದ್ದೆ. "ನಾನು ಸಾರ್, ಮೂರು ಸಲ ಎಣಿಸಿದೀನಿ" ಅಂದೆ. ಅದಕ್ಕೆ ಬಂದ ಉತ್ತರವೇ ಆ ಬಾಟಲಿಯ ಮಾತು.

"ಎಂಟನೇ ಕ್ಲಾಸು ತಾನೇ ನೀನು?"

"ಅದೂ ಪೂರ್ತಿ ಇಲ್ಲ ಸಾರ್," ಅಂದ ಸ್ಟೋರಿನವನು, ಕೇಳದೇ ಇದ್ದರೂ. ಮತ್ತೊಂದು ಸುತ್ತು ನಗು.

ಡಾಕ್ಟರು ಕನ್ನಡಕದ ಮೇಡಂ ಕಡೆ ತಿರುಗಿದರು. "ತಿಂಗಳ ಕೊನೇ ಗುರುವಾರ ಪಕ್ಕದ ಲ್ಯಾಬಿನಿಂದ ಒಬ್ಬರನ್ನ ಕರೆಸ್ತೀನಿ. ಹೊಸ ಪ್ಲೇಟು ಹಾಕಿ. ಅವರೂ ಎಣಿಸ್ಲಿ, ಈ ಮಹಾಶಯನೂ ಎಣಿಸ್ಲಿ. ಯಾರ ಕಣ್ಣು ಎಷ್ಟು ಅಂತ ಗೊತ್ತಾಗುತ್ತೆ."

ಕುರ್ಚಿ ಇಳಿಸಿ ಹೊರಗೆ ಬಂದೆ. ತೊಟ್ಟಿಯಲ್ಲಿ ನಲವತ್ತು ಬಾಟಲಿ ನೆನೆದಿದ್ದವು. ತೊಳೆದೆ. ಎರಡು ಒಡೆದೆ, ಬೇಕಂತಲೇ.

ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದ ಆ ಲ್ಯಾಬಿಗೆ ನಾನು ಸೇರಿದ್ದು ಗಾಜು ತೊಳೆಯೋಕೆ. ಅದೇನು ಸುಲಭದ ಕೆಲಸ ಅಂದುಕೊಳ್ಳಬೇಡಿ. ಮೊದಲು ಸೋಪು, ಆಮೇಲೆ ನಲ್ಲಿ ನೀರಲ್ಲಿ ಏಳು ಸಲ, ಬಟ್ಟಿ ಇಳಿಸಿದ ನೀರಲ್ಲಿ ಮೂರು ಸಲ, ಆಮೇಲೆ ಬಿಸಿ ಪೆಟ್ಟಿಗೆಯಲ್ಲಿ ಒಣಗಿಸೋದು. ಸೋಪಿನ ಒಂದು ಗುಳ್ಳೆ ಉಳಿದರೆ ಸಾಕು, ಒಂದು ವಾರದ ಕಣಗಳೆಲ್ಲ ಮಣ್ಣುಪಾಲು. ನಾಲ್ಕು ವರ್ಷ ಅದನ್ನೇ ಮಾಡಿದೆ. ಕನ್ನಡಕದ ಮೇಡಂಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟರೆ ಅರ್ಧ ಗಂಟೆಗೆ ತಲೆ ಸಿಡಿಯುತ್ತಿತ್ತು. ಒಂದು ದಿನ, "ನೀನು ಸ್ವಲ್ಪ ನೋಡ್ತೀಯೇನೋ?" ಅಂದಳು. ನೋಡಿದೆ. ಎರಡು ವರ್ಷದಿಂದ ನೋಡುತ್ತಲೇ ಇದ್ದೆ. ಅವಳ ಹೆಸರಲ್ಲಿ ಹೋಗುತ್ತಿದ್ದ ಎಣಿಕೆಯೆಲ್ಲ ನನ್ನ ಕಣ್ಣಿನದು. ಅದು ಹದಿನಾಲ್ಕು ಜನರಿಗೂ ಗೊತ್ತಿತ್ತು. ಸರಿ ಬಂದಾಗ ಯಾರೂ ಕೇಳಿರಲಿಲ್ಲ.

ಎಣಿಸುತ್ತಿದ್ದದ್ದು ಒಂದು ಜಾತಿಯ ಬಿಳಿ ರಕ್ತಕಣ. ಇಯೊಸಿನೊಫಿಲ್ ಅಂತ ಹೆಸರು. ಬಣ್ಣ ಹಾಕಿದರೆ ಹೊಟ್ಟೆ ತುಂಬ ಗುಲಾಬಿ ಕಾಳು ಕಾಣುತ್ತೆ, ಅದಕ್ಕೆ ಲ್ಯಾಬಿನಲ್ಲಿ ಎಲ್ಲರೂ ಗುಲಾಬಿ ಅಂತಲೇ ಅನ್ನೋದು. ಹುಳುಗಳ ಜೊತೆ ಹೊಡೆದಾಡೋಕೆ ದೇಹ ಇಟ್ಟುಕೊಂಡಿರೋ ಕಣ. ಉಬ್ಬಸದವರ ಎದೆಯಲ್ಲಿ ಹುಳವೂ ಇಲ್ಲ ಏನೂ ಇಲ್ಲ. ಧೂಳಿನ ಜೊತೆಗೇ ಕಾಲು ಕೆರೆದು ಜಗಳ ತೆಗೆಯುತ್ತವೆ. ಹೊಟ್ಟೆಯಲ್ಲಿದ್ದ ವಿಷವನ್ನೆಲ್ಲ ಉಸಿರಿನ ಕೊಳವೆಯ ಒಳಗೋಡೆಗೇ ಕಾರುತ್ತವೆ. ಕೆಲಸ ಮುಗಿಸಿ ನಾಲ್ಕಾರು ದಿನದಲ್ಲಿ ತಾವಾಗಿ ಮುದುಡಿ ಸಾಯಬೇಕು. ಸಾಯದೆ ಗುಂಪು ಕಟ್ಟಿ ಕೂತರೆ ಕೊಳವೆ ಊದಿಕೊಂಡೇ ಇರುತ್ತೆ.

ಮೇಡಂ ಕೆಲಸ ಏನಂದರೆ ಉಬ್ಬಸದ ಔಷಧಿಗಳು ಈ ಗುಲಾಬಿಗಳ ಆಯಸ್ಸನ್ನು ಏನು ಮಾಡುತ್ತವೆ ಅಂತ ನೋಡೋದು. ಪ್ಲೇಟಿನಲ್ಲಿ ಸಣ್ಣ ಸಣ್ಣ ಕುಳಿಗಳು, ಐದು ಸಾಲು. ಒಂದನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಕಣಗಳನ್ನು ಬದುಕಿಸೋ ಒಂದು ರಸ. ಮೂರನೆಯದಕ್ಕೆ ಆ ರಸದ ಜೊತೆ ಸ್ಟೀರಾಯ್ಡು, ಅಂದರೆ ಬಾಯಿಗಿಟ್ಟು ಎಳೆದುಕೊಳ್ಳೋ ಕಂದು ಪಂಪಿನಲ್ಲಿ ಇರುತ್ತಲ್ಲ, ಅದು. ನಾಲ್ಕನೆಯದಕ್ಕೆ ನೀಲಿ ಪಂಪಿನ ಔಷಧಿ, ಉಸಿರು ಕಟ್ಟಿದಾಗ ಒತ್ತಿಕೊಳ್ಳೋದು. ಐದನೆಯದಕ್ಕೆ ಕಂದು, ನೀಲಿ ಎರಡೂ ಸೇರಿಸಿ. ಯಾವ ಸಾಲಿಗೆ ಯಾವುದು ಅಂತ ಎಣಿಸುವವನಿಗೆ ಗೊತ್ತಿರಬಾರದು, ಗುಟ್ಟು. ಆದರೆ ಫ್ರಿಜ್ಜಿನಿಂದ ಔಷಧಿ ಟ್ರೇ ತರೋನು ನಾನೇ, ಖಾಲಿ ಸೀಸೆ ತೊಳೆಯೋನೂ ನಾನೇ. ಟ್ರೇ ಹೊರೋನಿಗೆ ಎಲ್ಲಿಯ ಗುಟ್ಟು?

ಎಣಿಸೋದು ಹೀಗೆ: ಕುಳಿಯಿಂದ ಒಂದು ಹನಿ ತೆಗೆದು ಅದಕ್ಕೆ ಒಂದು ಹನಿ ಬಣ್ಣ ಬಿಡಬೇಕು. ಸತ್ತ ಕಣ ಬಣ್ಣ ಕುಡಿಯುತ್ತೆ. ಬದುಕಿರೋದು ಬಾಗಿಲು ತೆಗೆಯಲ್ಲ, ಬೆಳ್ಳಗೆ ಹೊಳೆಯುತ್ತೆ. ಆದರೆ ಬೇಗ ಮಾಡಬೇಕು. ಬಣ್ಣದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಬದುಕಿದ್ದೂ ಸಾಯುತ್ತೆ, ಲೆಕ್ಕ ಸುಳ್ಳಾಗುತ್ತೆ. ಪ್ಲೇಟಿಗೆ ಕೈ ಹಾಕಿದ ಮೇಲೆ ಮುಗಿಯೋ ತನಕ ಏಳೋ ಹಾಗಿಲ್ಲ. ಒಂದು ಪ್ಲೇಟು ಅಂದರೆ ಎರಡೂವರೆ ಗಂಟೆ. ಅದು ನಮ್ಮಲ್ಲಿ ಕಾನೂನು.

ಮೂರು ಸಲವೂ ನಾಲ್ಕನೇ ಸಾಲು ಬೆಳ್ಳಗೆ ಹೊಳೆಯುತ್ತಿತ್ತು. ನೀಲಿ ಪಂಪಿನ ಔಷಧಿ ಗುಲಾಬಿಗಳನ್ನು ಸಾಯೋಕೆ ಬಿಡುತ್ತಿರಲಿಲ್ಲ.

ಮೀಟಿಂಗು ಮುಗಿದು ಎಲ್ಲರೂ ಹೋದ ಮೇಲೆ ಕನ್ನಡಕದ ಮೇಡಂ ತೊಟ್ಟಿಯ ಹತ್ತಿರ ಬಂದಳು.

"ಬೇಜಾರು ಮಾಡ್ಕೋಬೇಡ ಕಣೋ."

"ಬೇಜಾರಲ್ಲ ಮೇಡಂ. ಮೈಯೆಲ್ಲ ಉರೀತಿದೆ."

"ನಿನ್ನ ಎಣಿಕೆ ಸರಿ ಇದೆ. ಹಿಂದೇನೂ ಕೆಲವರು ಗಾಜಿನಲ್ಲಿ ಹೀಗೇ ಕಂಡಿದ್ದಾರೆ. ಸಾರಿಗೆ ಇಷ್ಟ ಇಲ್ಲ, ಅಷ್ಟೇ."

"ಅಂದ್ರೆ ನೀಲಿ ಪಂಪು ವಿಷ."

"ಯಾರಂದ್ರು?" ಅವಳು ಕನ್ನಡಕ ತೆಗೆದು ಕೋಟಿನಲ್ಲಿ ಒರೆಸಿದಳು. "ಐದನೇ ಸಾಲು ಎಣಿಸಿದ್ದೂ ನೀನೇ ತಾನೇ? ಎರಡೂ ಸೇರಿಸಿದಾಗ ಎಷ್ಟು ಸತ್ವು?"

"ಸತ್ವು. ಕಂದು ಒಂದೇ ಇದ್ದಷ್ಟಲ್ಲ."

"ಆದ್ರೂ ಸತ್ವಲ್ಲ. ಕಂದನ್ನ ಬಿಟ್ಟು ನೀಲಿ ಒಂದನ್ನೇ ಒತ್ತಿಕೊಳ್ಳೋದು ತಪ್ಪು, ಅಷ್ಟು ಮಾತ್ರ ಹೇಳಬಹುದು. ಇನ್ನೊಂದು ತಿಳ್ಕೋ, ಗಾಜಿನ ಪ್ಲೇಟಿಗೆ ಉಸಿರು ಕಟ್ಟಲ್ಲ. ಮನುಷ್ಯನಿಗೆ ಕಟ್ಟುತ್ತೆ. ಕಟ್ಟಿದಾಗ ಕೊಳವೆ ಬಿಡಿಸೋದು ನೀಲಿಯೇ."

ಕೇಳಿಸಿಕೊಂಡೆ. ಕಿವಿಯಲ್ಲಿ ಹದಿಮೂರು ಜನರ ನಗು ಇತ್ತು, ಅದರ ಮಧ್ಯದಲ್ಲಿ ಕೇಳಿಸಿಕೊಂಡೆ. ಉಳಿದದ್ದು ಮೊದಲ ಮಾತು: ನಿನ್ನ ಎಣಿಕೆ ಸರಿ ಇದೆ.

ನೀಲಿ ಪಂಪು ನನಗೆ ಲ್ಯಾಬಿನಲ್ಲಿ ಮಾತ್ರ ಕಾಣುತ್ತಿದ್ದ ವಸ್ತು ಅಲ್ಲ. ಮನೆಯಲ್ಲಿ ಅಕ್ಕನ ಕೈಯಲ್ಲಿ ದಿನಾ ಕಾಣುತ್ತಿತ್ತು.

ನಮ್ಮದು ಮೂರನೇ ಮಹಡಿಯಲ್ಲಿ ಎರಡು ಕೋಣೆ. ಅಮ್ಮ, ಅಕ್ಕ, ಭಾವ, ನಾನು. ಭಾವ ಲಿಫ್ಟ್ ರಿಪೇರಿಯವರು. ಮಾತು ಕಡಿಮೆ, ಕೈಗೆ ಯಾವಾಗಲೂ ಗ್ರೀಸು. ಅಕ್ಕ ಹಾಸಿಗೆ ಮಾಡೋ ಕಾರ್ಖಾನೆಯಲ್ಲಿ ಹೊಲಿಗೆಯವಳು. ಹೊಸ ಹಾಸಿಗೆ ಆದರೆ ಪರವಾಗಿಲ್ಲ. ಹಳೇ ಹಾಸಿಗೆ ಬಿಚ್ಚಿ, ಹತ್ತಿ ಯಂತ್ರಕ್ಕೆ ಕೊಟ್ಟು ಬಿಡಿಸಿ, ಮತ್ತೆ ತುಂಬಿ ಹೊಲಿಯೋ ದಿನ ಅಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಜನ ಇಪ್ಪತ್ತು ವರ್ಷ ಮಲಗಿದ ಧೂಳು ಅದು. ಅಕ್ಕ ಸಂಜೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. "ನೋಡಮ್ಮ, ನಿನ್ನ ಮಗಳು ನಿನಗಿಂತ ಮೊದಲೇ ಮುದುಕಿ ಆದ್ಲು" ಅನ್ನುತ್ತಿದ್ದಳು. ಮೂರು ಮಹಡಿ ಹತ್ತಿ ಬಂದು, ಬಾಗಿಲಿಗೆ ಕೈ ಕೊಟ್ಟು, ಎರಡು ಸಲ ಬುಸ್ ಬುಸ್ ಅಂತ ಒತ್ತಿಕೊಂಡ ಮೇಲೆ ಆ ಮಾತು ಬರುತ್ತಿತ್ತು.

ನೀಲಿ ಪಂಪಿಗೆ ಅವಳು ಇಟ್ಟ ಹೆಸರು ಎರಡನೇ ಗಂಡ. "ಕರೆದ ತಕ್ಷಣ ಬರ್ತಾನೆ ಕಣೋ. ನಿಮ್ಮ ಭಾವನ ಹಾಗಲ್ಲ, ಹತ್ತು ಸಲ ಕೂಗಬೇಕು."

"ಹತ್ತು ಸಲ ಕೂಗೋಕೆ ಉಸಿರು ಎಲ್ಲಿದೆ ನಿನಗೆ?" ಅಂದರು ಭಾವ. ಅವರು ಆಡುತ್ತಿದ್ದ ಜೋಕು ಅಷ್ಟೇ. ಅಕ್ಕ ಅದಕ್ಕೂ ನಕ್ಕು ನಕ್ಕು ಕೆಮ್ಮಿದಳು.

ಆಸ್ಪತ್ರೆಯವರು ಕಂದು ಪಂಪನ್ನೂ ಕೊಟ್ಟಿದ್ದರು. ಅದು ಕಪಾಟಿನ ಮೇಲೆ, ಕವರು ಕೂಡ ಹರಿಯದೆ ಬಿದ್ದಿತ್ತು. ಅದರ ಹೆಸರು ಅತ್ತೆ. "ದಿನಾ ಬೆಳಿಗ್ಗೆ ಸಂಜೆ ಮರ್ಯಾದೆ ಕೊಡಬೇಕು. ಪ್ರತಿಯಾಗಿ ಏನೂ ಮಾಡಲ್ಲ. ಬಾಯಿ ಬೇರೆ ಕೆಡ್ಸುತ್ತೆ."

ಮೀಟಿಂಗು ನಡೆದ ಆ ಶುಕ್ರವಾರ ಸಂಜೆ ನಾನು ಕಪಾಟಿನಿಂದ ಅದನ್ನು ತೆಗೆದು ಅವಳ ಮುಂದೆ ಕುಕ್ಕಿದೆ.

"ಇವತ್ತಿಂದ ಇದು. ಎರಡು ಹೊತ್ತು. ನಾನು ನಿಂತು ನೋಡ್ತೀನಿ."

"ಏನಪ್ಪಾ ಡಾಕ್ಟ್ರೇ, ಯಾರ ಮೇಲೆ ಸಿಟ್ಟು?"

ಹೇಳಿದೆ. ಅವಮಾನದ ಸುದ್ದಿ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಅವಳಿಗೆ ತಿಳಿಯೋ ಹಾಗೆ ಹೇಳಿದೆ ಅನ್ನೋ ಹೆಮ್ಮೆ ಬೇರೆ. "ಗುಲಾಬಿಗಳು ಅಂದ್ರೆ ಮನೆಗೆ ಬಂದ ನೆಂಟರು ಅಂದ್ಕೋ. ನಾಲ್ಕು ದಿನಕ್ಕೆ ಹೊರಡಬೇಕು. ಕಂದು ಪಂಪು ಅವರ ಚೀಲ ತಂದು ಬಾಗಿಲಲ್ಲಿ ಇಡುತ್ತೆ. ನಿನ್ನ ಎರಡನೇ ಗಂಡ ಇದಾನಲ್ಲ, ಅವನು ಮತ್ತೊಂದು ತಟ್ಟೆ ಹಾಕಿ ಊಟಕ್ಕೆ ಕೂರಿಸ್ತಾನೆ."

ಅಕ್ಕ ಕಂದು ಪಂಪನ್ನು ತಿರುಗಿಸಿ ನೋಡಿದಳು. "ನಮ್ಮ ಅತ್ತೆ ಬಂದಾಗ ನಿಮ್ಮ ಭಾವ ಮಾಡೋದೂ ಅದೇ" ಅಂದಳು. ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಭಾವ ಗ್ರೀಸು ಒರೆಸುತ್ತಾ, "ನಮ್ಮಮ್ಮ ಬಂದು ಎರಡು ವರ್ಷ ಆಯ್ತು" ಅಂತ ಗೊಣಗಿದರು.

ಆದರೆ ಅಕ್ಕ ನನ್ನ ಮಾತು ಕೇಳಿದಳು. ಅವಳು ಹತ್ತನೇ ಕ್ಲಾಸು ಪಾಸಾದವಳು. ನಾನು ಎಂಟಕ್ಕೆ ಪುಸ್ತಕ ಎಸೆದಾಗ ಮೂರು ದಿನ ಅತ್ತವಳು. ನಾನು ಯಾವುದಾದರೊಂದು ವಿಷಯ ಬಲ್ಲೆ ಅನ್ನೋದೇ ಅವಳಿಗೆ ಹಬ್ಬ. ಕಾರ್ಖಾನೆಯಲ್ಲಿ ಎಲ್ಲರ ಹತ್ತಿರ, "ನನ್ನ ತಮ್ಮ ರಕ್ತ ನೋಡೋನು" ಅಂತ ಹೇಳಿಕೊಳ್ಳುತ್ತಿದ್ದಳಂತೆ.

ಎರಡು ವಾರ ಕಂದು ಪಂಪು ತಪ್ಪಲಿಲ್ಲ. ನಾನು ಎದುರಿಗೆ ನಿಂತು, "ಉಸಿರು ಹಿಡಿ, ಎಂಟು, ಒಂಬತ್ತು, ಹತ್ತು, ಈಗ ಬಾಯಿ ಮುಕ್ಕಳಿಸು" ಅನ್ನುತ್ತಿದ್ದೆ. ಅವಳ ನೀಲಿ ಪಂಪಿನ ಬೆನ್ನಲ್ಲಿ ಸಣ್ಣ ಕಿಂಡಿ; ಇನ್ನೆಷ್ಟು ಸಲ ಒತ್ತಬಹುದು ಅನ್ನೋ ಸಂಖ್ಯೆ ಅದರಲ್ಲಿ ಕಾಣುತ್ತೆ. ದಿನಾ ಸಂಜೆ ಅದನ್ನು ನೋಡುತ್ತಿದ್ದೆ. ಮೊದಲು ದಿನಕ್ಕೆ ಹತ್ತು ಇಳಿಯುತ್ತಿತ್ತು. ಆಮೇಲೆ ಏಳು. ಆಮೇಲೆ ನಾಲ್ಕು. ಎದೆಯ ಸೀಟಿ ಕಡಿಮೆ ಆಯಿತು. ಒಂದು ಸಂಜೆ ಮೂರು ಮಹಡಿ ಹತ್ತಿ, ಬಾಗಿಲು ಹಿಡಿಯದೆ ಒಳಗೆ ಬಂದಳು. ಅಮ್ಮ ಅವಳ ತಲೆಯಿಂದ ಹತ್ತಿ ಆರಿಸುತ್ತಾ ಕೂತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು.

ಮೂರನೇ ವಾರ ಕಾರ್ಖಾನೆಗೆ ಯಾವುದೋ ಹಾಸ್ಟೆಲಿನ ಹಳೇ ಹಾಸಿಗೆಗಳು ಬಂದವು. ಇನ್ನೂರು. ಯಂತ್ರ ಬೆಳಿಗ್ಗೆಯಿಂದ ಸಂಜೆ ತನಕ ತಿರುಗಿತು. ಬುಧವಾರ ಸಂಜೆ ಕಿಂಡಿ ನೋಡಿದೆ. ಒಂದೇ ದಿನಕ್ಕೆ ಹನ್ನೊಂದು ಇಳಿದಿತ್ತು.

"ಏನಿದು?"

"ಧೂಳು ಕಣೋ. ಯಂತ್ರದ ಪಕ್ಕ ಕೂರಿಸಿದ್ರು."

"ಹನ್ನೊಂದು! ಎರಡು ವಾರ ನಾನು ಮಾಡಿದ್ದೆಲ್ಲ ಒಂದು ದಿನಕ್ಕೆ ಹಾಳು ಮಾಡಿದ್ಯಲ್ಲ. ಅವಕ್ಕೆ ತಟ್ಟೆ ಹಾಕಿ ಹಾಕಿ ಸಾಕ್ತಾ ಇದೀಯ."

"ನೀನು ಮಾಡಿದ್ದಾ? ಉಸಿರಾಡ್ತಾ ಇರೋಳು ನಾನಲ್ವೇನೋ?" ನಗುತ್ತಲೇ ಅಂದಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಸರಿ ಮಾರಾಯ, ನಾಳೆ ಕಡಿಮೆ ಮಾಡ್ತೀನಿ."

ಮರುದಿನ ಗುರುವಾರ. ಪಕ್ಕದ ಲ್ಯಾಬಿನವರು ಬರೋ ದಿನ. ನನಗೆ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದಾಗ ಮೈಯಲ್ಲಿ ಇದ್ದದ್ದು ಒಂದೇ: ಇವತ್ತು ಅವರಿಗೆ ತೋರಿಸಬೇಕು, ಎಲ್ಲರಿಗೂ ತೋರಿಸಬೇಕು. ಅಮ್ಮ ದಿನದಂತೆ ಅಕ್ಕನ ಚೀಲ ತುಂಬುತ್ತಿದ್ದಳು. ಊಟದ ಡಬ್ಬಿ, ನೀರಿನ ಬಾಟಲಿ, ತಲೆಗೆ ಕಟ್ಟೋ ಬಟ್ಟೆ, ಮುಂದಿನ ಜೇಬಿಗೆ ನೀಲಿ ಪಂಪು. ತುಂಬಿ ಬಾಗಿಲ ಗೂಟಕ್ಕೆ ನೇತು ಹಾಕಿ ಒಳಗೆ ಹೋದಳು. ಅಕ್ಕ ತಲೆ ಬಾಚುತ್ತಿದ್ದಳು. ಭಾವ ಆಗಲೇ ಹೊರಟಿದ್ದರು.

ಮುಂದಿನ ಜೇಬಿನ ಗುಂಡಿ ಬಿಚ್ಚಿ ಪಂಪು ತೆಗೆದು ನನ್ನ ಪ್ಯಾಂಟಿಗೆ ಹಾಕಿಕೊಂಡೆ. ಗುಂಡಿ ಮತ್ತೆ ಹಾಕಿದೆ. ಒಂದು ದಿನ, ಅಂದುಕೊಂಡೆ. ಒಂದೇ ದಿನ ಇಲ್ಲದೆ ಇದ್ದು ನೋಡಲಿ. ಕಂದು ಪಂಪು ಒಳಗೆ ಕೆಲಸ ಮಾಡುತ್ತಿದೆ, ನೀಲಿ ಬರೀ ಅಭ್ಯಾಸ, ಚಟ. ಸಂಜೆ ಎದುರಿಗೆ ಹಿಡಿದು, "ನೋಡಿದ್ಯಾ, ಇದಿಲ್ದೇನೂ ಬದುಕಿದೀಯ" ಅಂತ ಹೇಳೋ ಮಾತನ್ನೂ ಮೆಟ್ಟಿಲು ಇಳಿಯುತ್ತಾ ಜೋಡಿಸಿಕೊಂಡೆ.

ಲ್ಯಾಬಿನ ಒಳಗೆ ಫೋನು, ಚೀಲ ತರೋ ಹಾಗಿಲ್ಲ. ಹೊರಗೆ ಪಡಸಾಲೆಯಲ್ಲಿ ತಗಡಿನ ಲಾಕರುಗಳು. ನನ್ನದರಲ್ಲಿ ಫೋನು ಇಟ್ಟೆ, ಪಕ್ಕದಲ್ಲೇ ನೀಲಿ ಪಂಪು ಇಟ್ಟೆ, ಬೀಗ ಹಾಕಿದೆ.

ಪಕ್ಕದ ಲ್ಯಾಬಿನವರು ತಲೆ ನರೆತ ಮನುಷ್ಯ. ನನ್ನನ್ನು "ಬಾಪ್ಪ, ಕೂತ್ಕೋ" ಅಂತ ಪಕ್ಕದ ಸ್ಟೂಲು ತೋರಿಸಿದರು. ಇಬ್ಬರಿಗೂ ಒಂದೊಂದು ಸೂಕ್ಷ್ಮದರ್ಶಕ, ಎರಡೆರಡು ಎಣಿಸೋ ಗುಂಡಿ. ದೊಡ್ಡ ಡಾಕ್ಟರು ಹಿಂದೆ ಕೈ ಕಟ್ಟಿ ಸ್ವಲ್ಪ ಹೊತ್ತು ನಿಂತಿದ್ದು ಹೋದರು. ಹತ್ತು ಗಂಟೆಗೆ ಶುರು. ಟಕ್ ಟಕ್ ಟಕ್. ಬೆಳ್ಳಗಿರೋದಕ್ಕೆ ಎಡಗೈ, ಬಣ್ಣ ಕುಡಿದದ್ದಕ್ಕೆ ಬಲಗೈ. ಅಷ್ಟು ಚೆನ್ನಾಗಿ ನನ್ನ ಕಣ್ಣು ಹಿಂದೆ ಯಾವತ್ತೂ ಓಡಿರಲಿಲ್ಲ.

ಎರಡನೇ ಸಾಲು ಮುಗಿಯುವಾಗ ಪಡಸಾಲೆಯಲ್ಲಿ ಸದ್ದಾಯಿತು. ಯಾರದೋ ಫೋನು ತಗಡಿನ ಮೇಲೆ ಗುರ್ ಗುರ್ ಅಂತ ನಡುಗುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು. ನಾಲ್ಕನೇ ಸಾಲಿಗೆ ಬಂದಾಗಲೂ ಮತ್ತೆ.

"ಯಾರದಪ್ಪಾ ಅದು, ಪ್ರಾಣ ಹೋದ ಹಾಗೆ ಬಡ್ಕೊಳ್ತಿದೆ?" ಅಂದರು ನರೆತವರು, ಕಣ್ಣು ತೆಗೆಯದೆ.

"ಯಾರದ್ದೋ ಬಿಡಿ ಸಾರ್," ಅಂದೆ.

ನನ್ನದು ಅಂತ ಅನಿಸಲಿಲ್ಲವಾ? ಅನಿಸಿತು. ಅಷ್ಟು ಸಲ ಯಾರೂ ನನಗೆ ಫೋನು ಮಾಡುವವರಿಲ್ಲ, ಅದಕ್ಕೇ ಒಂದು ಗಳಿಗೆ ಅನಿಸಿತು. ಆಗ ನಾಲ್ಕನೇ ಸಾಲಿನ ಹನಿಗೆ ಬಣ್ಣ ಬಿಟ್ಟಾಗಿತ್ತು. ಎದ್ದರೆ ಹನಿ ಹಾಳು. ಹನಿ ಹಾಳಾದರೆ, ನೋಡಿ, ಬಾಟಲಿ ತೊಳೆಯೋನು ಮಧ್ಯದಲ್ಲೇ ಎದ್ದು ಓಡಿದ ಅನ್ನುತ್ತಾರೆ. ಕೂತೆ. ಎಣಿಸಿದೆ. ನಾಲ್ಕನೇ ಸಾಲು ಬೆಳ್ಳಗೆ ಹೊಳೆಯುತ್ತಿತ್ತು, ಮೂರರಲ್ಲಿ ಎರಡು ಜೀವಂತ.

ಹನ್ನೆರಡೂವರೆಗೆ ಮುಗಿಯಿತು. ನರೆತವರ ಪಟ್ಟಿ, ನನ್ನ ಪಟ್ಟಿ ಪಕ್ಕಪಕ್ಕ ಇಟ್ಟು ಕನ್ನಡಕದ ಮೇಡಂ ನೋಡಿದಳು. ನಾಲ್ಕನೇ ಸಾಲಿನಲ್ಲಿ ಅವರದು ನೂರಕ್ಕೆ ಅರವತ್ತೆಂಟು ಬದುಕಿತ್ತು, ನನ್ನದು ಅರವತ್ತೇಳು. ಅವಳು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಾನು ಅಷ್ಟು ಖುಷಿಯಲ್ಲಿ ಲಾಕರಿನ ಹತ್ತಿರ ಹೋದದ್ದು ಯಾವತ್ತೂ ಇಲ್ಲ.

ಹತ್ತೊಂಬತ್ತು ಕರೆ. ಹನ್ನೆರಡು ಕಾರ್ಖಾನೆಯಿಂದ. ಏಳು ಭಾವನಿಂದ.

ನಡೆದದ್ದು ಇಷ್ಟು. ಹತ್ತೂವರೆಗೆ ಯಂತ್ರದ ಬಾಯಲ್ಲಿ ಒಂದು ಹಾಸಿಗೆ ಸಿಕ್ಕಿಕೊಂಡಿತು. ಎಳೆದರು. ಅದು ಹರಿದು ಅದರೊಳಗಿನ ಕೊಳೆತ ಹತ್ತಿಯೆಲ್ಲ ಒಂದೇ ಸಲ ಕೋಣೆಗೆ ಹರಡಿತು. ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಿದರು. ಅಕ್ಕನೂ ಓಡಿದಳು. ಮೆಟ್ಟಿಲ ಮೇಲೆ ಕೂತು ಚೀಲ ಬಿಚ್ಚಿದಳು. ಮುಂದಿನ ಜೇಬು ನೋಡಿದಳು, ಒಳಗೆ ನೋಡಿದಳು, ಡಬ್ಬಿ ತೆಗೆದು ಕೆಳಗಿಟ್ಟಳು, ಚೀಲ ತಲೆಕೆಳಗು ಮಾಡಿ ಕೊಡವಿದಳು. ಜೊತೆಯವರು ಯಂತ್ರದ ಹತ್ತಿರ, ಬಟ್ಟೆ ಕಟ್ಟೋ ಕೋಣೆಯಲ್ಲಿ, ಎಲ್ಲ ಕಡೆ ಹುಡುಕಿದರಂತೆ. ಅಲ್ಲಿ ಬೇರೆ ಯಾರ ಹತ್ತಿರವೂ ಪಂಪು ಇರಲಿಲ್ಲ. ಹತ್ತಿರದ ಔಷಧಿ ಅಂಗಡಿಗೆ ಒಬ್ಬ ಓಡಿದ. ಅಷ್ಟರಲ್ಲಿ ಮಾಲೀಕರ ಗಾಡಿ ಬಂತು, ಹತ್ತಿಸಿದರು. ಗಾಡಿಯಲ್ಲಿ ಅವಳು ನನಗೆ ಫೋನು ಮಾಡಿ ಅಂತ ಕೈಸನ್ನೆ ಮಾಡಿದಳಂತೆ. ತಮ್ಮ ಆಸ್ಪತ್ರೆಯಲ್ಲೇ ಇರೋನು, ಅವನಿಗೆ ಗೊತ್ತಾಗುತ್ತೆ ಅಂತ.

ತಂದದ್ದು ನಮ್ಮ ಆಸ್ಪತ್ರೆಗೇ. ನಾನು ಎಣಿಸುತ್ತಿದ್ದ ಕೋಣೆಯಿಂದ ಎರಡು ಮಹಡಿ ಕೆಳಗೆ.

ನಾನು ಇಳಿದು ಹೋದಾಗ ಅವಳ ಮೇಲೆ ಬಟ್ಟೆ ಮುಚ್ಚಿದ್ದರು. ಸರಿಸಿ ನೋಡಿದೆ, ರೆಪ್ಪೆಯ ಮೇಲೆ ಹತ್ತಿ ಹಾಗೇ ಇತ್ತು. ಭಾವ ಕೆಲಸದ ಬಟ್ಟೆಯಲ್ಲಿ ಗೋಡೆಗೆ ಆತು ನಿಂತಿದ್ದರು. ತುರ್ತು ವಿಭಾಗದ ಹುಡುಗ ಡಾಕ್ಟರು ನನ್ನ ಲ್ಯಾಬಿನ ಕೋಟು ನೋಡಿ, ತನ್ನವನು ಅಂತ ಅಂದುಕೊಂಡು ಹೇಳಿದ: "ಕೈಯಲ್ಲಿ ರಿಲೀವರ್ ಪಂಪು ಇರಲಿಲ್ಲವಂತೆ. ಇದ್ದಿದ್ರೆ ಇಲ್ಲಿಗೆ ಬರೋ ತನಕವಾದ್ರೂ ತಡೀತಿತ್ತೇನೋ. ಹೇಳೋಕಾಗಲ್ಲ."

ಹೇಳೋಕಾಗಲ್ಲ ಅನ್ನೋದನ್ನು ಹಿಡಿದುಕೊಂಡು ನಾನು ಎಷ್ಟು ದಿನ ಬದುಕಬಹುದು ಅಂತ ಆಗ ಯೋಚನೆ ಮಾಡಿದೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಯೋಚನೆ ಮಾಡಿದೆ.

ಮಧ್ಯಾಹ್ನ ಮೇಲೆ ಹೋಗಿ ಲಾಕರು ತೆಗೆದೆ. ಪಂಪನ್ನು ಲ್ಯಾಬಿನ ಕಸದ ಹಳದಿ ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಸುಡೋಕೆ ಕೆಳಗೆ ಕಳಿಸಿದೆ. ಆ ಚೀಲ ಕಟ್ಟೋದು ನನ್ನದೇ ಕೆಲಸ, ಯಾರೂ ತಿರುಗಿ ನೋಡಲಿಲ್ಲ.

ಐದನೇ ದಿನ ಮನೆಯಲ್ಲಿ ಜನ ಇದ್ದರು. ಭಾವನ ಅಕ್ಕ ಬಂದಿದ್ದಳು, ಕಾರ್ಖಾನೆಯ ಮೂವರು ಹೆಂಗಸರು ಬಂದಿದ್ದರು. ಕನ್ನಡಕದ ಮೇಡಂ ಕೂಡ ಬಂದಳು. ಬಾಗಿಲ ಹೊರಗೆ ನನ್ನನ್ನು ಕರೆದು, "ಈಗ ಹೇಳಬಾರದು, ಆದ್ರೂ" ಅಂದಳು. "ಸಾರ್ ಒಪ್ಪಿದ್ರು. ಲೇಖನದಲ್ಲಿ ನಿನ್ನ ಹೆಸರು ಹಾಕ್ತಾರಂತೆ. ಅವರೇ ಹೇಳಿದ್ರು." ನಾನು ಅವಳ ಕನ್ನಡಕವನ್ನೇ ನೋಡುತ್ತಿದ್ದೆ. ಅವಳು ನನ್ನ ತೋಳು ಮುಟ್ಟಿ ಇಳಿದು ಹೋದಳು. ಅಕ್ಕನಿಗೆ ಉಬ್ಬಸ ಇತ್ತು ಅಂತ ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ.

ಒಳಗೆ ಅಮ್ಮ ಹುಡುಕುತ್ತಿದ್ದಳು. ಐದು ದಿನದಿಂದ ಅದೇ. ಮಂಚದ ಕೆಳಗೆ, ಅಕ್ಕಿ ಡಬ್ಬದಲ್ಲಿ, ಬಟ್ಟೆಗಳ ಮಡಿಕೆಯಲ್ಲಿ, ಒಲೆಯ ಹಿಂದೆ. ಹೋದ ವರ್ಷದಿಂದ ಅವಳಿಗೆ ಮರೆವು ಜಾಸ್ತಿ. ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿದ್ದೂ ಉಂಟು. ಅಕ್ಕ ಅದನ್ನೇ ತಿಂಗಳುಗಟ್ಟಲೆ ಆಡಿಕೊಂಡು ನಕ್ಕಿದ್ದಳು. ಈಗ ಯಾರೂ ನಗುತ್ತಿರಲಿಲ್ಲ.

"ವಯಸ್ಸಾದವರ ಕೈಗೆ ಇಂಥಾದ್ದು ಕೊಟ್ಟಿದ್ದೇ ತಪ್ಪು," ಅಂದಳು ಭಾವನ ಅಕ್ಕ. ದನಿ ತಗ್ಗಿಸಿಯೇ ಅಂದಳು, ಎಲ್ಲರಿಗೂ ಕೇಳೋ ಹಾಗೆ.

ಕಾರ್ಖಾನೆಯ ಹೆಂಗಸೊಬ್ಬಳು, "ಚೀಲದಲ್ಲಿ ಇರಲೇ ಇಲ್ಲ ಅಮ್ಮ, ನಾನೂ ಇನ್ನೊಂದು ಸಲ ಕೊಡವಿ ನೋಡ್ದೆ" ಅಂದಳು.

ಭಾವ ಐದು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟರು. "ಅತ್ತೆ, ಬೆಳಿಗ್ಗೆ ಹಾಕಿದ್ರಾ, ಇಲ್ವಾ? ಅಷ್ಟು ಹೇಳಿ. ನಾನು ಬೈಯಲ್ಲ. ನನಗೆ ಗೊತ್ತಾಗ್ಬೇಕು, ಅಷ್ಟೇ."

"ಹಾಕಿದೆ ಅಂದ್ಕೊಂಡಿದೀನಿ ಅಳಿಯಂದಿರೇ." ಅಮ್ಮ ನೆಲದ ಮೇಲೆ ಕೂತಿದ್ದಳು, ಸುತ್ತ ಕೆಡವಿದ ಬಟ್ಟೆಗಳು. "ಡಬ್ಬಿ ಹಾಕಿದೆ. ನೀರು ಹಾಕಿದೆ. ತಲೆಬಟ್ಟೆ ಹಾಕಿದೆ. ಅದನ್ನೂ ಹಾಕಿದೆ. ಜೇಬಿಗೆ ಹಾಕಿ ಗುಂಡಿ ಹಾಕಿದ ನೆನಪು. ಅದು ಗುರುವಾರದ್ದೋ ಬುಧವಾರದ್ದೋ... ದಿನಾ ಹಾಕ್ತಿದ್ನಲ್ಲ, ಎಲ್ಲ ಒಂದೇ ಥರ ಕಾಣುತ್ತೆ."

ಭಾವ ತಮ್ಮ ಕೈಗಳನ್ನು ನೋಡಿಕೊಂಡು ಕೂತರು.

ಅಮ್ಮ ನನ್ನ ಕಡೆ ತಿರುಗಿದಳು. ಮೊಣಕಾಲಿಗೆ ಕೈ ಕೊಟ್ಟು ಎದ್ದು ಬಂದು ನನ್ನ ಎದುರಿಗೆ ನಿಂತಳು. ಅವಳ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭ ಆಗುತ್ತಿತ್ತು, ಸಿಟ್ಟು ನನಗೆ ಗೊತ್ತಿರೋ ಭಾಷೆ.

"ಮಗಾ, ನೀನು ಅಲ್ಲೇ ಇದ್ಯಲ್ಲ ಆವತ್ತು. ಗೂಟದ ಹತ್ತಿರ ಚಪ್ಪಲಿ ಹಾಕ್ಕೊಳ್ತಿದ್ದೆ. ನೀನು ನೋಡಿರ್ತೀಯ. ನಿನ್ನ ಕಣ್ಣು ತಪ್ಪಲ್ಲ ಅಂತ ಅವಳು ಯಾವಾಗ್ಲೂ ಅಂತಿದ್ಲು. ಹೇಳೋ. ನಾನು ಹಾಕಿದ್ನಾ? ಇಲ್ಲಾ ನನ್ನ ಕೈಯ್ಯಾರೆ ನಾನೇ ನನ್ನ ಮಗಳನ್ನ..."

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಭಾವ ತಲೆ ಎತ್ತಿದರು. ಅಮ್ಮ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು, ಗಟ್ಟಿಯಾಗಿ ಅಲ್ಲ, ಸುಮ್ಮನೆ ಎರಡು ಬೆರಳಲ್ಲಿ.

ಅವಳ ಬೆರಳು ಬಿಡಿಸಿದೆ. ಬಟ್ಟೆಗಳನ್ನು ದಾಟಿಕೊಂಡು ಬಾಗಿಲಿಗೆ ಬಂದೆ. "ಹೇಳೋ, ಹಾಕಿದ್ನಾ?" ಅಂತ ಅಮ್ಮ ಹಿಂದಿನಿಂದ ಇನ್ನೊಂದು ಸಲ ಕೇಳಿದಳು. ನಾನು ಮೆಟ್ಟಿಲು ಇಳಿದು ಬೀದಿಗೆ ಬಂದು ನಡೆದೆ.